ರಾಯಲ್ಟಿ ಬತ್ತಿದ ಮೇಲೆ ಕಂಪನಿಯ ಬಾಗಿಲು ಹಾಕುವುದು ಹೇಗೆ: ಮೊದಲ ಲೆಕ್ಕದಿಂದ ಕೊನೆಯ ಗೆಜೆಟ್‌ವರೆಗೆ

ನಮ್ಮ ಕಡೆ ರಾಯಲ್ಟಿ ಅಂದರೆ ಜನಕ್ಕೆ ಮೊದಲು ನೆನಪಾಗುವುದು ಕಲ್ಲು ಕ್ವಾರಿ, ಗಣಿ ಇಲಾಖೆಗೆ ಕಟ್ಟುವ ದುಡ್ಡು. ನಾನು ಇಲ್ಲಿ ಹೇಳುತ್ತಿರುವುದು ಇನ್ನೊಂದು ರಾಯಲ್ಟಿ. ಹಾಡು, ಹರಿಕಥೆ, ಪುಸ್ತಕ, ಪೇಟೆಂಟು ಇವುಗಳಿಂದ ಬರುವ ಹಣ. ತುಮಕೂರಿನ ಬಿ.ಎಚ್. ರಸ್ತೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆತನದ ಒಂದು ಚಿಕ್ಕ ಪ್ರೈವೇಟ್ ಲಿಮಿಟೆಡ್ ಕಂಪನಿ ಇತ್ತು. ಹರಿಕಥೆ, ತತ್ವಪದ, ಭಜನೆ ಕ್ಯಾಸೆಟ್ ಮಾಡುತ್ತಿದ್ದೆವು. ಸಿದ್ಧಗಂಗೆ ಜಾತ್ರೆಯಲ್ಲಿ ಮಳಿಗೆ ಹಾಕಿದರೆ ಆರು ತಿಂಗಳ ಬಾಡಿಗೆ ಹುಟ್ಟುತ್ತಿತ್ತು. ಆಮೇಲೆ ಸಿಡಿ ಬಂತು, ಕಾಲರ್ ಟ್ಯೂನ್ ಬಂತು, ಸ್ಟ್ರೀಮಿಂಗ್ ಬಂತು. ಕೊನೆಗೆ ವರ್ಷಕ್ಕೆ 41,000 ರೂಪಾಯಿ ರಾಯಲ್ಟಿ ಬರುತ್ತಿತ್ತು. ಆಡಿಟ್, ರಿಟರ್ನ್, ಡಿಜಿಟಲ್ ಸಹಿ ಎಂದು ಕಂಪನಿಯನ್ನು ಸುಮ್ನೆ ಉಸಿರಾಡಿಸುವುದಕ್ಕೇ ಅದಕ್ಕಿಂತ ಜಾಸ್ತಿ ಹೋಗುತ್ತಿತ್ತು.

ಮುಚ್ಚಲು ನಮಗೆ ಮೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಕಾನೂನು ಕೇಳುವ ಕಾಯುವಿಕೆ ಅದರಲ್ಲಿ ಎರಡು ವರ್ಷ. ಉಳಿದದ್ದು ನಮ್ಮ ತಿಳಿವಳಿಕೆಯ ಕೊರತೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಇಂಥ ಚಿಕ್ಕ ಕಂಪನಿ ಇಟ್ಟುಕೊಂಡು ಏನು ಮಾಡುವುದೆಂದು ಕೂತವರು ಇದ್ದಾರೆ ಅಂತ ನನಗೆ ಗೊತ್ತು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಮನಸ್ಸಿಗೆ ಬರಲಿ

ಕಂಪನಿ ಸತ್ತರೂ ಹಾಡಿನ ಹಕ್ಕು ಸಾಯುವುದಿಲ್ಲ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು, ಅದು ಪ್ರಕಟವಾದ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಇರುತ್ತದೆ. 1988ರಲ್ಲಿ ಹೊರಬಂದ ನಮ್ಮ ಒಂದು ಹರಿಕಥೆ ಕ್ಯಾಸೆಟ್ಟಿನ ಹಕ್ಕು 2048ರ ಡಿಸೆಂಬರ್ 31ರವರೆಗೆ ಬದುಕಿರುತ್ತದೆ. ಆ ಹಕ್ಕು ಕಂಪನಿಯ ಹೆಸರಿನಲ್ಲೇ ಇದ್ದು ಕಂಪನಿ ಮಾತ್ರ ಇಲ್ಲವಾದರೆ? ವಾರಸುದಾರರಿಲ್ಲದ ಆಸ್ತಿ ಸರ್ಕಾರಕ್ಕೆ ಸೇರುತ್ತದೆ ಎನ್ನುತ್ತದೆ ಸಂವಿಧಾನದ 296ನೇ ವಿಧಿ. ಆಮೇಲೆ ಆ ಹರಿಕಥೆಯನ್ನು ಯಾರಾದರೂ ಮತ್ತೆ ಹೊರತರಬೇಕು ಎಂದರೆ ಒಪ್ಪಿಗೆ ಕೊಡುವವರೇ ಇರುವುದಿಲ್ಲ.

ಹಾಗಾಗಿ ಹಾಡಿಗೆ ಹೊಸ ಮನೆ ಹುಡುಕುವುದು ಮೊದಲ ಕೆಲಸ, ಕಂಪನಿ ಮುಚ್ಚುವುದು ಎರಡನೆಯದು. ಬಹಳ ಜನ ಇದನ್ನು ತಲೆಕೆಳಗು ಮಾಡುತ್ತಾರೆ. ನಾವೂ ಅದನ್ನೇ ಮಾಡಲು ಹೊರಟಿದ್ದೆವು.

ಯಾವ ದಾರಿ ನಿಮ್ಮದು?

ಸಾಲವಿಲ್ಲದ ಚಿಕ್ಕ ಕಂಪನಿಗೆ ಮುಖ್ಯವಾಗಿ ಎರಡು ದಾರಿ ಇವೆ.

ಒಂದು, ಸ್ಟ್ರೈಕ್ ಆಫ್. 2013ರ ಕಂಪನಿ ಕಾಯ್ದೆಯ ಸೆಕ್ಷನ್ 248(2) ಪ್ರಕಾರ ರಿಜಿಸ್ಟರ್‌ನಿಂದ ಹೆಸರು ತೆಗೆಸಿಕೊಳ್ಳುವುದು. ಅರ್ಜಿಯ ಶುಲ್ಕ 10,000 ರೂಪಾಯಿ. ಕೋರ್ಟು, ಕಚೇರಿ ಅಲೆದಾಟ ಇಲ್ಲ. ಆದರೆ ಒಂದು ಷರತ್ತಿದೆ. ಹಿಂದಿನ ಎರಡು ಪೂರ್ತಿ ಹಣಕಾಸು ವರ್ಷ ಕಂಪನಿ ಯಾವ ವ್ಯವಹಾರವನ್ನೂ ಮಾಡಿರಬಾರದು.

ಇನ್ನೊಂದು, ಸ್ವಯಂಪ್ರೇರಿತ ಸಮಾಪನೆ, ಅಂದರೆ ಸಾಲ ತೀರಿಸಿ ಆಸ್ತಿ ಹಂಚಿ ಕಂಪನಿಯನ್ನು ತಾವಾಗಿಯೇ ಮುಚ್ಚುವುದು. ಇದು 2016ರ ದಿವಾಳಿ ಸಂಹಿತೆಯ ಸೆಕ್ಷನ್ 59ರಲ್ಲಿದೆ. ಇಲ್ಲಿ ಎರಡು ವರ್ಷ ಕಾಯಬೇಕಿಲ್ಲ. ಆದರೆ ನೋಂದಾಯಿತ ಇನ್‌ಸಾಲ್ವೆನ್ಸಿ ವೃತ್ತಿಪರರೊಬ್ಬರನ್ನು ಲಿಕ್ವಿಡೇಟರ್ (ಕಂಪನಿಯ ಲೆಕ್ಕ ತೀರಿಸುವವರು) ಆಗಿ ನೇಮಿಸಿ, ಅವರ ಫೀಸು ಕೊಡಬೇಕು. ಕೊನೆಗೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ ವಿಸರ್ಜನೆಯ ಆದೇಶ ಕೊಡಬೇಕು.

ಕೈಯಲ್ಲಿ ನಿಜವಾದ ಆಸ್ತಿ ಇದ್ದರೆ, ಪಾಲುದಾರರ ನಡುವೆ ಜಗಳ ಇದ್ದರೆ, ಹಿಂದೆ ಸಾಲ ಕೊಟ್ಟವರು ಯಾರೋ ನಾಳೆ ಬಂದಾರು ಎಂಬ ಭಯವಿದ್ದರೆ ಎರಡನೆಯ ದಾರಿಯೇ ಒಳ್ಳೆಯದು. ಲಿಕ್ವಿಡೇಟರ್ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಹಕ್ಕೊತ್ತಾಯ ಕೇಳುತ್ತಾರೆ, ಅದಕ್ಕೆ 30 ದಿನ ಸಮಯ ಇರುತ್ತದೆ. ಎಲ್ಲ ತೀರಿಸಿ ಉಳಿದದ್ದನ್ನು ಹಂಚುತ್ತಾರೆ. ಸಾಲ ಕೊಟ್ಟವರ ಒಪ್ಪಿಗೆ ಬೇಕಾದ ಪ್ರಕರಣಗಳಲ್ಲಿ 270 ದಿನ, ಉಳಿದವುಗಳಲ್ಲಿ 90 ದಿನದೊಳಗೆ ಕೆಲಸ ಮುಗಿಸಲು ಅವರು ಪ್ರಯತ್ನಿಸಬೇಕು ಎಂದು ನಿಯಮಗಳು ಹೇಳುತ್ತವೆ. ನಮ್ಮಂಥ ಕಂಪನಿಗೆ ಆ ಖರ್ಚು ಭಾರ. ವರ್ಷಕ್ಕೆ 41,000 ಬರುವ ಮನೆಯಲ್ಲಿ ಲಿಕ್ವಿಡೇಟರ್ ಫೀಸು ಎಲ್ಲಿಂದ ತರುವುದು? ಹಾಗಾಗಿ ನಾವು ಸ್ಟ್ರೈಕ್ ಆಫ್ ಆರಿಸಿಕೊಂಡೆವು. ಮುಂದೆ ಹೇಳುವುದೆಲ್ಲ ಅದರ ಬಗ್ಗೆಯೇ.

ಮೂರನೆಯ ಹೆಸರೊಂದನ್ನು ನೀವು ಕೇಳಿರಬಹುದು: ಡಾರ್ಮೆಂಟ್ ಕಂಪನಿ, ಅಂದರೆ ಮಲಗಿಸಿ ಇಡುವುದು. ಕಂಪನಿ ಕಾಯ್ದೆಯ ಸೆಕ್ಷನ್ 455 ಇದಕ್ಕೆ ಅವಕಾಶ ಕೊಡುತ್ತದೆ. ಬೌದ್ಧಿಕ ಆಸ್ತಿಯನ್ನು ಹಿಡಿದಿಟ್ಟುಕೊಳ್ಳಲೆಂದೇ ಇರುವ ಕಂಪನಿಗೂ ಇದು ಸಿಗುತ್ತದೆ. ಕೇಳಲು ನಮಗೇ ಹೇಳಿ ಮಾಡಿಸಿದಂತಿದೆ ಅಲ್ವಾ? ಆದರೆ ಎರಡು ತೊಡಕಿವೆ. ಆಫೀಸು ನೋಡಿಕೊಳ್ಳುವ ಖರ್ಚು, ಸರ್ಕಾರಿ ಶುಲ್ಕದಂಥ ಕೆಲವನ್ನು ಬಿಟ್ಟರೆ ಬೇರೆ ಯಾವ ವಹಿವಾಟೂ ಇರಬಾರದು. ರಾಯಲ್ಟಿ ಬಂತೆಂದರೆ ಅದು ವಹಿವಾಟೇ. ಇನ್ನೊಂದು, ಆ ಎರಡು ವರ್ಷಗಳಲ್ಲಿ ಡಾರ್ಮೆಂಟ್ ಸ್ಥಾನಕ್ಕೆ ಅರ್ಜಿ ಹಾಕಿದ್ದರೆ 'ಎರಡು ವರ್ಷ ವ್ಯವಹಾರ ಇಲ್ಲ' ಎಂಬ ಕಾರಣಕ್ಕೆ ಸ್ಟ್ರೈಕ್ ಆಫ್ ಕೇಳಲು ಬರುವುದಿಲ್ಲ. ಮುಚ್ಚುವುದು ಖಚಿತವಾಗಿದ್ದರೆ ಮಲಗಿಸುವ ಯೋಚನೆ ಬಿಡಿ.

ಹಂತ 1: ಏನೇನಿದೆ, ಯಾರದು ಎಂದು ಪಟ್ಟಿ ಮಾಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಧ್ವನಿಮುದ್ರಣಕ್ಕೂ ಒಂದು ಸಾಲು. ಹೆಸರು, ಹೊರಬಂದ ವರ್ಷ, ಹಾಡಿದವರು, ಬರೆದವರು, ರಾಗ ಹಾಕಿದವರು, ಕರಾರು ಎಲ್ಲಿದೆ, ಈಗ ದುಡ್ಡು ಯಾರಿಂದ ಬರುತ್ತಿದೆ.

ಒಂದೇ ಹಾಡಿನಲ್ಲಿ ಮೂರು ಹಕ್ಕುಗಳಿರುತ್ತವೆ. ಧ್ವನಿಮುದ್ರಣದ ಹಕ್ಕು ಸಾಮಾನ್ಯವಾಗಿ ಅದನ್ನು ಮಾಡಿಸಿದ ಕಂಪನಿಯದು. ಸಾಹಿತ್ಯ ಮತ್ತು ಸಂಗೀತದ ಹಕ್ಕು ಬೇರೆ ಬೇರೆ. ಹಳೆಯ ತತ್ವಪದಕ್ಕೆ ಸಾಹಿತ್ಯದ ಹಕ್ಕು ಯಾರದೂ ಅಲ್ಲದಿರಬಹುದು, ಆದರೆ ಅದನ್ನು ಹಾಡಿದ ರೆಕಾರ್ಡಿಂಗ್ ನಿಮ್ಮದೇ. ಇತ್ತೀಚಿನ ಕವಿಯ ಭಾವಗೀತೆಯಾದರೆ ಸಾಹಿತ್ಯದ ಹಕ್ಕು ಕವಿಯ ಕಾಲಾನಂತರವೂ 60 ವರ್ಷ ಇರುತ್ತದೆ. ನಿಮ್ಮದಲ್ಲದ ಹಕ್ಕನ್ನು ನೀವು ಇನ್ನೊಬ್ಬರಿಗೆ ಬರೆದುಕೊಡಲು ಆಗುವುದಿಲ್ಲ.

ಹಳೆಯ ಕರಾರುಗಳನ್ನು ಓದುವಾಗ ಒಂದು ಕಡೆ ಕಣ್ಣಿಡಿ. ಅವಧಿ ಬರೆಯದ ವರ್ಗಾವಣೆಯನ್ನು ಕೃತಿಸ್ವಾಮ್ಯ ಕಾಯ್ದೆ 5 ವರ್ಷದ್ದು ಎಂದು ಓದುತ್ತದೆ. ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ನಮ್ಮ ಬಳಿ ಇದ್ದ ಅರ್ಧದಷ್ಟು ಕಾಗದಗಳು ಒಂದು ಪುಟದ ರಸೀದಿಗಳು, ಅಷ್ಟೇ. 'ಹಾಡಿದ್ದಕ್ಕೆ ಹಣ ಮುಟ್ಟಿದೆ' ಎಂದು ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ. ಅಂಥವನ್ನು ವಕೀಲರಿಗೆ ತೋರಿಸದೆ ಮುಂದೆ ಹೋಗಬೇಡಿ.

ಈ ಹಂತಕ್ಕೆ ನಾವು ಎರಡು ತಿಂಗಳು ಕೊಟ್ಟೆವು. ಜಾಸ್ತಿ ಅನ್ನಿಸಿತ್ತು. ಈಗ ಕಮ್ಮಿ ಆಯಿತು ಅನ್ನಿಸುತ್ತದೆ.

ಹಂತ 2: ಕಲಾವಿದರಿಗೆ ಕೊಡಬೇಕಾದದ್ದು ಕೊಡಿ

ಕಂಪನಿಗೆ ರಾಯಲ್ಟಿ ಬರುವುದು ಒಂದು ಕಡೆ. ಕಂಪನಿ ಹಾಡಿದವರಿಗೆ, ಬರೆದವರಿಗೆ ಕೊಡಬೇಕಾದ ಪಾಲು ಇನ್ನೊಂದು ಕಡೆ. ಅದು ನಿಮ್ಮ ಲೆಕ್ಕದಲ್ಲಿ ಸಾಲ. ಎಲ್ಲ ಸಾಲ ತೀರಿಸಿದ ಮೇಲಷ್ಟೇ ಸ್ಟ್ರೈಕ್ ಆಫ್ ಅರ್ಜಿ ಹಾಕಬಹುದು. ಅರ್ಜಿಯ ಜೊತೆ ಡೈರೆಕ್ಟರುಗಳು ಹಾಗೆಂದು ಪ್ರಮಾಣ ಮಾಡುತ್ತಾರೆ. ಸುಳ್ಳು ಹೇಳಿದರೆ ಕಂಪನಿ ಕಾಯ್ದೆಯ ಸೆಕ್ಷನ್ 251ರಲ್ಲಿ ವಂಚನೆಯ ಹೊಣೆ ಬರುತ್ತದೆ.

ನಮ್ಮ ಲೆಡ್ಜರಿನಲ್ಲಿ ಒಬ್ಬ ಹರಿಕಥೆ ದಾಸರ ಹೆಸರಿನ ಮುಂದೆ 3,860 ರೂಪಾಯಿ ಎಷ್ಟೋ ವರ್ಷದಿಂದ ಬಾಕಿ ಇತ್ತು. ಅವರು ತೀರಿಹೋಗಿದ್ದರು. ಮಧುಗಿರಿ ಕಡೆಯ ಹಳ್ಳಿ ಎಂದಷ್ಟೇ ಗೊತ್ತು. 'ಇಷ್ಟು ಚಿಲ್ಲರೆಗೆ ಯಾರು ಹೋಗುತ್ತಾರೆ, ರೈಟ್ ಆಫ್ ಮಾಡಿ' ಎಂದರು ಒಬ್ಬರು. ನನಗೆ ಮನಸ್ಸು ಬರಲಿಲ್ಲ. ಒಂದು ಭಾನುವಾರ ಬಸ್ಸು ಹತ್ತಿ ಹೋದೆ. ಎರಡು ಊರು ತಿರುಗಿದ ಮೇಲೆ ಅವರ ಮಗಳು ಸಿಕ್ಕರು. ಅಪ್ಪನ ದನಿ ಇರುವ ಕ್ಯಾಸೆಟ್ ಅವರ ಮನೆಯಲ್ಲಿ ಒಂದೂ ಇರಲಿಲ್ಲ. ಹಣ ಕೊಟ್ಟು ರಸೀದಿ ಬರೆಸಿಕೊಂಡೆ. ಫೋನಿಗೆ ಹರಿಕಥೆಯನ್ನು ಹಾಕಿಕೊಟ್ಟೆ. ಅವರು ಅಂಗಳದಲ್ಲಿ ನಿಂತು ಪೂರ್ತಿ ಕೇಳಿದರು. ಹಕ್ಕು ಯಾರಿಗೆ ಹೋಗಬೇಕು ಎಂಬ ನಮ್ಮ ಮನೆಯ ಚರ್ಚೆ ಅಂದೇ ಮುಗಿಯಿತು. ಆ ರೆಕಾರ್ಡಿಂಗನ್ನು ಆ ಮನೆಗೇ ಬರೆದುಕೊಡೋಣ ಎಂದು ತೀರ್ಮಾನಿಸಿದೆವು.

ತೀರಿಹೋದವರ ಪಾಲನ್ನು ವಾರಸುದಾರರಿಗೆ ಕೊಡುವಾಗ ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಪತ್ರ ತೆಗೆದಿಡಿ. ವಂಶವೃಕ್ಷ ನಾಡಕಚೇರಿಯಲ್ಲಿ ಸಿಗುತ್ತದೆ.

ಡೈರೆಕ್ಟರುಗಳೇ ಕಂಪನಿಗೆ ಕೊಟ್ಟ ಸಾಲ ಇದ್ದರೆ ಅದೂ ತೀರಬೇಕು. ಕಂಪನಿಯಲ್ಲಿ ಹಣವಿಲ್ಲದಿದ್ದರೆ ಮನ್ನಾ ಪತ್ರ ಬರೆದುಕೊಡುವುದು ವಾಡಿಕೆ. ಆದರೆ ಮನ್ನಾ ಮಾಡಿದ ಸಾಲಕ್ಕೆ ತೆರಿಗೆಯ ಪ್ರಶ್ನೆ ಏಳಬಹುದು. ಆಡಿಟರ್ ನೋಡಿ ಹೇಳಿದ ಮೇಲೆ ಸಹಿ ಹಾಕಿ.

ಹಂತ 3: ಹಕ್ಕನ್ನು ಬರಹದಲ್ಲಿ ವರ್ಗಾಯಿಸಿ

ಎಲ್ಲಕ್ಕಿಂತ ಜಾಸ್ತಿ ಎಚ್ಚರ ಬೇಕಾದ ಜಾಗ ಇದು.

ಕೃತಿಸ್ವಾಮ್ಯದ ವರ್ಗಾವಣೆ ಬಾಯಿ ಮಾತಿನಲ್ಲಿ ನಡೆಯುವುದಿಲ್ಲ. ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 19ರ ಪ್ರಕಾರ ಅದು ಬರಹದಲ್ಲಿರಬೇಕು, ಕೊಡುವವರ ಸಹಿ ಇರಬೇಕು. ಯಾವ ಕೃತಿ, ಯಾವ ಹಕ್ಕು, ಎಷ್ಟು ಅವಧಿ, ಯಾವ ಪ್ರದೇಶ, ಎಷ್ಟು ಹಣ ಎಂಬುದೆಲ್ಲ ಅದರಲ್ಲಿ ಬರಬೇಕು. 'ನಮ್ಮ ಕಂಪನಿಯ ಎಲ್ಲ ಹಾಡುಗಳು' ಎಂದು ಒಂದೇ ಮಾತಿನಲ್ಲಿ ಬರೆಯಬೇಡಿ. ಹಂತ 1ರ ಪಟ್ಟಿಯನ್ನೇ ಅನುಬಂಧವಾಗಿ ಸೇರಿಸಿ. ಅವಧಿಯ ಜಾಗದಲ್ಲಿ 'ಕೃತಿಸ್ವಾಮ್ಯದ ಪೂರ್ತಿ ಉಳಿದ ಅವಧಿ' ಎಂದೂ, ಪ್ರದೇಶದ ಜಾಗದಲ್ಲಿ 'ಇಡೀ ಜಗತ್ತು' ಎಂದೂ ಬರೆಯಿರಿ.

ಇನ್ನೊಂದು ಸಾಲು ಮರೆಯಲೇಬಾರದು. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ ವರ್ಗಾವಣೆ ತಾನಾಗಿಯೇ ಬಿದ್ದುಹೋಗುತ್ತದೆ ಎನ್ನುತ್ತದೆ ಸೆಕ್ಷನ್ 19(4). ಪತ್ರದಲ್ಲಿ ಬೇರೆ ರೀತಿ ಬರೆದಿದ್ದರೆ ಮಾತ್ರ ಉಳಿಯುತ್ತದೆ. ಯೋಚಿಸಿ ನೋಡಿ. ಹಳ್ಳಿಯ ಒಬ್ಬ ಮಗಳಿಗೆ ಹಕ್ಕು ಕೊಟ್ಟಿದ್ದೀರಿ. ಅವರು ಒಂದು ವರ್ಷ ಏನೂ ಮಾಡಲಿಲ್ಲ. ಹಕ್ಕು ವಾಪಸ್ ಬರುವುದು ಯಾರಿಗೆ? ಅಷ್ಟರಲ್ಲಿ ಇಲ್ಲವಾಗಿರುವ ಕಂಪನಿಗೆ! 'ಬಳಸದಿದ್ದರೂ ಈ ವರ್ಗಾವಣೆ ಮುಂದುವರಿಯುತ್ತದೆ, ಸೆಕ್ಷನ್ 19(4) ಇದಕ್ಕೆ ಅನ್ವಯಿಸುವುದಿಲ್ಲ' ಎಂಬ ಒಂದು ವಾಕ್ಯ ಈ ಅಪಾಯವನ್ನು ತಪ್ಪಿಸುತ್ತದೆ.

ಬೆಲೆ ಎಷ್ಟು ಇಡುವುದು? ಸುಮ್ನೆ ಕೊಟ್ಟುಬಿಡೋಣ ಅನ್ನಿಸುತ್ತದೆ. ಕಂಪನಿಯ ಆಸ್ತಿಯನ್ನು ಪುಕ್ಕಟೆ ಕೊಟ್ಟರೆ ತೆರಿಗೆಯವರು ಪ್ರಶ್ನೆ ಕೇಳುತ್ತಾರೆ. ನಾವು ಹಿಂದಿನ ಮೂರು ವರ್ಷದ ಸರಾಸರಿ ರಾಯಲ್ಟಿ ನೋಡಿ, ಅದು ವರ್ಷ ವರ್ಷ ಇಳಿಯುತ್ತಿರುವುದನ್ನು ಲೆಕ್ಕಕ್ಕೆ ಹಿಡಿದು ಬೆಲೆ ಕಟ್ಟಿಸಿದೆವು. ಹೇಗೆ ಕಟ್ಟಿದೆವು ಎಂದು ಆಡಿಟರಿಂದ ಟಿಪ್ಪಣಿ ಬರೆಸಿ ಫೈಲಿಗೆ ಸೇರಿಸಿದೆವು. ಕೊಳ್ಳುವವರು ಡೈರೆಕ್ಟರೋ ಅವರ ಮನೆಯವರೋ ಆದರೆ ಬೋರ್ಡ್ ಸಭೆಯಲ್ಲಿ ಅವರು ತಮ್ಮ ಆಸಕ್ತಿಯನ್ನು ಹೇಳಿ ದಾಖಲಿಸಬೇಕು.

ಜಿಎಸ್‌ಟಿ ನೋಂದಣಿ ಇದ್ದರೆ ಈ ವರ್ಗಾವಣೆಗೂ ತೆರಿಗೆ ಬೀಳುತ್ತದೆ. ಈಗ ದರ 18%. ಸಂಬಂಧಿತ ವ್ಯಕ್ತಿಗೆ ಹಣವಿಲ್ಲದೆ ಕೊಟ್ಟರೂ ಅದನ್ನು ಪೂರೈಕೆ ಎಂದೇ ನೋಡುತ್ತಾರೆ.

ಗೀತರಚನೆಕಾರ ಮತ್ತು ಸಂಗೀತಗಾರರ ಒಂದು ಹಕ್ಕನ್ನು ಮಾತ್ರ ಯಾರೂ ಮುಟ್ಟುವಂತಿಲ್ಲ. 2012ರ ತಿದ್ದುಪಡಿಯ ನಂತರ ಅವರ ರಾಯಲ್ಟಿ ಪಾಲನ್ನು ಅವರ ವಾರಸುದಾರರಿಗೋ ಕೃತಿಸ್ವಾಮ್ಯ ಸಂಘಕ್ಕೋ ಬಿಟ್ಟು ಬೇರೆ ಯಾರಿಗೂ ಬರೆದುಕೊಡಲು ಬರುವುದಿಲ್ಲ.

ಪತ್ರ ಆದ ಮೇಲೆ ದುಡ್ಡು ಕಳಿಸುವ ಎಲ್ಲರಿಗೂ ತಿಳಿಸಿ. ಸ್ಟ್ರೀಮಿಂಗ್ ವಿತರಕರು, ಕಾಲರ್ ಟ್ಯೂನ್ ಮಧ್ಯವರ್ತಿಗಳು, ಯೂಟ್ಯೂಬ್ ಚಾನೆಲ್, ನೀವು ಸದಸ್ಯರಾಗಿದ್ದರೆ ಐಪಿಆರ್‌ಎಸ್ ಅಥವಾ ಪಿಪಿಎಲ್ ಎಂಬ ಹಾಡಿನ ರಾಯಲ್ಟಿ ಸಂಗ್ರಹಿಸುವ ಸಂಸ್ಥೆಗಳು. ಕೃತಿಸ್ವಾಮ್ಯ ಕಚೇರಿಯಲ್ಲಿ ನೋಂದಣಿ ಮಾಡಿಸಿದ್ದರೆ ಅಲ್ಲೂ ಹೆಸರು ಬದಲಿಸಿ. ಯೂಟ್ಯೂಬಿನ ಆಡ್‌ಸೆನ್ಸ್ ಖಾತೆಯಲ್ಲಿ 100 ಡಾಲರ್ ಆಗುವವರೆಗೆ ಹಣ ಹೊರಬರುವುದಿಲ್ಲ. ಚಿಕ್ಕ ಚಾನೆಲ್ಲಿಗೆ ಅದು ತಿಂಗಳುಗಟ್ಟಲೆ ಆಗಬಹುದು. ಬ್ಯಾಂಕ್ ಖಾತೆ ಮುಚ್ಚುವ ಮೊದಲೇ ಇದನ್ನು ನೋಡಿಕೊಳ್ಳಿ. ನಮಗೆ ದುಡ್ಡು ಕೊಡಬೇಕಿದ್ದ ಒಬ್ಬ ಮಧ್ಯವರ್ತಿ ಹೆಸರು ಬದಲಿಸಲು ಎಂಟು ತಿಂಗಳು ಸತಾಯಿಸಿದ. ಕೊನೆಗೆ ವಕೀಲರ ನೋಟಿಸು ಹೋದ ಮೇಲೆ ಬದಲಿಸಿದ.

ಹಂತ 4: ಮಾರ್ಚ್ 31 ಎಂಬ ಗೆರೆ

ವರ್ಗಾವಣೆಯನ್ನು ಹಣಕಾಸು ವರ್ಷದ ಕೊನೆಗೆ ಮುಂಚೆ ಮುಗಿಸಿ. ಮಾರ್ಚ್ 25ಕ್ಕೆ ಮುಗಿದರೆ ಏಪ್ರಿಲ್ 1ರಿಂದ ನಿಮ್ಮ ಎರಡು ವರ್ಷದ ಎಣಿಕೆ ಶುರು. ಏಪ್ರಿಲ್ 5ಕ್ಕೆ ಹೋದರೆ ಇಡೀ ಒಂದು ವರ್ಷ ಹೆಚ್ಚಿಗೆ ಕಾಯಬೇಕು.

ಇಲ್ಲೊಂದು ಸೂಕ್ಷ್ಮ ಇದೆ. ರಾಯಲ್ಟಿ ಯಾವತ್ತೂ ತಡವಾಗಿ ಬರುತ್ತದೆ. ಜನವರಿಯಿಂದ ಮಾರ್ಚ್‌ವರೆಗಿನ ಕೇಳುವಿಕೆಯ ಹಣ ಜೂನ್, ಜುಲೈಗೆ ಬರುತ್ತದೆ. ಅದನ್ನು ಹೊಸ ವರ್ಷದ ಆದಾಯ ಎಂದು ಬರೆದರೆ 'ವ್ಯವಹಾರ ಇಲ್ಲ' ಎನ್ನಲು ಆಗುವುದಿಲ್ಲ. ಕಂಪನಿಗಳು ಲೆಕ್ಕ ಬರೆಯಬೇಕಾದದ್ದು ಹಣ ಬಂದ ದಿನಕ್ಕಲ್ಲ, ಆ ಆದಾಯ ಹುಟ್ಟಿದ ಅವಧಿಗೆ. ಆ ಮೂರು ತಿಂಗಳ ರಾಯಲ್ಟಿಯನ್ನು ಮಾರ್ಚ್ 31ರ ಲೆಕ್ಕದಲ್ಲೇ 'ಬರಬೇಕಾದ ಹಣ' ಎಂದು ತೋರಿಸಿ. ಅಥವಾ ವರ್ಗಾವಣೆ ಪತ್ರದಲ್ಲೇ 'ಈವರೆಗೆ ಸಂದಾಯವಾಗದ ರಾಯಲ್ಟಿಯೂ ಹೊಸ ಮಾಲೀಕರಿಗೆ' ಎಂದು ಬರೆದು, ಬೆಲೆಯಲ್ಲಿ ಅದನ್ನು ಸೇರಿಸಿ. ನಾವು ಎರಡನೆಯದನ್ನು ಮಾಡಿದೆವು. ನನಗೆ ಅದೇ ಸರಿ ಅನ್ನಿಸಿತು, ಆಮೇಲೆ ಯಾವ ಹಣವೂ ಕಂಪನಿಯ ಬಾಗಿಲು ತಟ್ಟಲಿಲ್ಲ.

ನಮ್ಮ ವರ್ಗಾವಣೆ ಮುಗಿದದ್ದು 2021ರ ಮಾರ್ಚ್‌ನಲ್ಲಿ. 2021-22, 2022-23 ಎರಡೂ ಖಾಲಿ ವರ್ಷಗಳು.

ಹಂತ 5: ಬಾಕಿ ರಿಟರ್ನುಗಳು

ಕಂಪನಿ ವ್ಯವಹಾರ ನಿಲ್ಲಿಸಿದ ವರ್ಷದ ಕೊನೆಯವರೆಗಿನ ಎಒಸಿ-4 (ಲೆಕ್ಕಪತ್ರದ ಫಾರಂ), ಎಂಜಿಟಿ-7 (ವಾರ್ಷಿಕ ರಿಟರ್ನ್) ಅಥವಾ ಚಿಕ್ಕ ಕಂಪನಿಯ ಎಂಜಿಟಿ-7ಎ ಎಲ್ಲವೂ ಸಲ್ಲಿಕೆಯಾಗಿರಬೇಕು. ತಡವಾದರೆ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿ. ಇದಕ್ಕೆ ಮೇಲಿನ ಮಿತಿ ಇಲ್ಲ. ನಮ್ಮ ಲೆಕ್ಕ ನೋಡುತ್ತಿದ್ದವರು ಒಂದು ವರ್ಷದ್ದನ್ನು ಸಲ್ಲಿಸದೆ 'ಆಗಿದೆ' ಎಂದು ಹೇಳಿದ್ದರು. 400 ದಿನ ತಡವಾಗಿತ್ತು. ಎರಡು ಫಾರಂಗೆ 80,000 ರೂಪಾಯಿ. ಎರಡು ವರ್ಷದ ರಾಯಲ್ಟಿ ಅಲ್ಲಿಗೆ ಹೋಯಿತು. ನೀವೇ ಎಂಸಿಎ (ಕಂಪನಿ ವ್ಯವಹಾರಗಳ ಸಚಿವಾಲಯ) ಪೋರ್ಟಲ್ಲಿಗೆ ಹೋಗಿ, ಕಂಪನಿಯ ಹೆಸರು ಹಾಕಿ, ಕೊನೆಯ ಬ್ಯಾಲೆನ್ಸ್ ಶೀಟ್ ಯಾವ ವರ್ಷದ್ದು ಸಲ್ಲಿಕೆಯಾಗಿದೆ ಎಂದು ನೋಡಿ. ಐದು ನಿಮಿಷದ ಕೆಲಸ, ದುಡ್ಡೂ ಬೇಡ.

ಖಾಲಿ ಇದ್ದ ಎರಡು ವರ್ಷಗಳ ರಿಟರ್ನನ್ನು ಸಲ್ಲಿಸಬೇಕೇ? ಸ್ಟ್ರೈಕ್ ಆಫ್ ನಿಯಮ ಅದನ್ನು ಕೇಳುವುದಿಲ್ಲ. ನಾವು ಸಲ್ಲಿಸಿದೆವು. ಸತತ ಮೂರು ವರ್ಷ ಸಲ್ಲಿಸದಿದ್ದರೆ ಡೈರೆಕ್ಟರುಗಳು 5 ವರ್ಷ ಅನರ್ಹರಾಗುತ್ತಾರೆ. ಅರ್ಜಿ ತಿರಸ್ಕಾರವಾಗಿ ಕೆಲಸ ಎಳೆದರೆ ಆ ಗೆರೆ ದಾಟುವುದು ಬಹಳ ಸುಲಭ. ನಮ್ಮ ಡೈರೆಕ್ಟರೊಬ್ಬರಿಗೆ ಬೇರೆ ಕಂಪನಿಯೂ ಇತ್ತು. ಅವರನ್ನು ಆ ಅಪಾಯಕ್ಕೆ ತಳ್ಳುವುದು ಸರಿಯಲ್ಲ ಅನ್ನಿಸಿತು. ಆದಾಯ ತೆರಿಗೆ ರಿಟರ್ನನ್ನಂತೂ ಪ್ರತಿ ವರ್ಷ ಹಾಕಲೇಬೇಕು, ಆದಾಯ ಸೊನ್ನೆ ಇದ್ದರೂ.

ರಾಯಲ್ಟಿ ಕೊಡುವವರು ಸಾಮಾನ್ಯವಾಗಿ 10% ಟಿಡಿಎಸ್ ಹಿಡಿಯುತ್ತಾರೆ. ಹಿಡಿದದ್ದು ನಿಮ್ಮ ಪ್ಯಾನ್‌ಗೆ ಜಮೆ ಆಗಿದೆಯೇ ಎಂದು 26ಎಎಸ್ ಎಂಬ ತೆರಿಗೆ ಜಮೆಯ ಪಟ್ಟಿಯಲ್ಲಿ ನೋಡಿ. ರೀಫಂಡ್ ಬರಬೇಕಿದ್ದರೆ ಅದು ಬರುವವರೆಗೆ ಬ್ಯಾಂಕ್ ಖಾತೆ ಮುಚ್ಚಬೇಡಿ.

ಹಂತ 6: ಉಳಿದ ನೋಂದಣಿಗಳು

ಜಿಎಸ್‌ಟಿ ರದ್ದಿಗೆ ಆರ್‌ಇಜಿ-16. ರದ್ದಾದ ಮೇಲೆ ಮೂರು ತಿಂಗಳೊಳಗೆ ಕೊನೆಯ ರಿಟರ್ನ್ ಜಿಎಸ್‌ಟಿಆರ್-10. ಇದನ್ನು ಬಹಳ ಜನ ಮರೆಯುತ್ತಾರೆ. ಗೋಡೌನಿನಲ್ಲಿ ಹಳೆಯ ಸಿಡಿ ದಾಸ್ತಾನು ಇದ್ದರೆ ಅದರ ಮೇಲೆ ಪಡೆದ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ತೆರಿಗೆಗೆ ಸಿಕ್ಕ ಕಡಿತ) ವಾಪಸ್ ಕಟ್ಟಬೇಕು. ರಾಜ್ಯದ ವೃತ್ತಿ ತೆರಿಗೆ, ಕಾರ್ಮಿಕ ಇಲಾಖೆಯ ನೋಂದಣಿ, ಪಾಲಿಕೆ ಅಥವಾ ಪುರಸಭೆಯ ಟ್ರೇಡ್ ಲೈಸೆನ್ಸ್, ಕೆಲಸಗಾರರಿದ್ದರೆ ಪಿಎಫ್ ಮತ್ತು ಇಎಸ್‌ಐ. ಒಂದೊಂದರ ರದ್ದಾದ ಪತ್ರವನ್ನೂ ಇಟ್ಟುಕೊಳ್ಳಿ.

ಹಂತ 7: ಸಭೆ ಮತ್ತು ಸಹಿಗಳು

ಮೊದಲು ಬೋರ್ಡ್ ಸಭೆ. ಅದರ ನಂತರ ಶೇರುದಾರರ ವಿಶೇಷ ನಿರ್ಣಯ, ಇಲ್ಲವೇ ಪಾವತಿಯಾದ ಬಂಡವಾಳದ 75% ಹೊಂದಿದವರ ಲಿಖಿತ ಒಪ್ಪಿಗೆ. ಸಭೆಗೆ 21 ದಿನದ ನೋಟಿಸು. ವಿಶೇಷ ನಿರ್ಣಯವಾದರೆ 30 ದಿನದೊಳಗೆ ಎಂಜಿಟಿ-14 ಫಾರಂನಲ್ಲಿ ಅದನ್ನು ಸಲ್ಲಿಸಬೇಕು.

ಮನೆತನದ ಕಂಪನಿಗಳಲ್ಲಿ ತೊಡಕು ಬರುವುದು ಇಲ್ಲೇ. ತೀರಿಹೋದ ದೊಡ್ಡವರ ಶೇರುಗಳು ಅವರ ಹೆಸರಿನಲ್ಲೇ ಇರುತ್ತವೆ. ನಮ್ಮಲ್ಲಿ ಚಿಕ್ಕಪ್ಪನ ಹೆಸರಿನಲ್ಲಿ 30% ಇತ್ತು. ಉಳಿದವರೆಲ್ಲ ಒಪ್ಪಿದರೂ 70% ಮಾತ್ರ. ಮೊದಲು ಶೇರುಗಳನ್ನು ಚಿಕ್ಕಮ್ಮನ ಹೆಸರಿಗೆ ಮಾಡಿಸಿ, ಆಮೇಲೆ ಒಪ್ಪಿಗೆ ಪಡೆದೆವು. ಇದನ್ನು ಎರಡು ಖಾಲಿ ವರ್ಷಗಳಲ್ಲೇ ಮುಗಿಸಿಕೊಳ್ಳಿ. ಕೊನೆ ಗಳಿಗೆಗೆ ಇಟ್ಟುಕೊಳ್ಳಬೇಡಿ.

ಪ್ರತಿ ಡೈರೆಕ್ಟರೂ ಎಸ್‌ಟಿಕೆ-3 ನಷ್ಟಭರ್ತಿ ಬಾಂಡ್ ಮತ್ತು ಎಸ್‌ಟಿಕೆ-4 ಪ್ರಮಾಣಪತ್ರಕ್ಕೆ ಸಹಿ ಹಾಕಿ ನೋಟರಿ ಮಾಡಿಸಬೇಕು. ವಿದೇಶದಲ್ಲಿರುವ ಡೈರೆಕ್ಟರ್ ಅಲ್ಲೇ ನೋಟರಿ ಅಥವಾ ಅಪೊಸ್ಟಿಲ್ (ಬೇರೆ ದೇಶದಲ್ಲಿ ನಡೆಯುವಂತೆ ಅಲ್ಲಿನ ಸರ್ಕಾರದ ದೃಢೀಕರಣ) ಮಾಡಿಸಿ ಕಳಿಸಬೇಕು.

ನಮ್ಮ ಊರಿನವರಿಗೆ ಒಂದು ಮಾತು. 2014ರ ನವೆಂಬರ್ 1ರಂದು ಊರಿನ ಇಂಗ್ಲಿಷ್ ಹೆಸರು ಟುಮ್ಕೂರ್‌ನಿಂದ ತುಮಕೂರು ಎಂದು ಬದಲಾಯಿತು. ಹಳೆಯ ಕಂಪನಿಗಳ ದಾಖಲೆಯಲ್ಲಿ ಹಳೆಯ ಸ್ಪೆಲ್ಲಿಂಗ್ ಇರುತ್ತದೆ. ನೋಟರಿ ಪತ್ರ ಟೈಪ್ ಮಾಡುವವರು ಹೊಸದನ್ನು ಹಾಕುತ್ತಾರೆ. ಎಂಸಿಎ ದಾಖಲೆಯಲ್ಲಿ ವಿಳಾಸ ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೇ ಟೈಪ್ ಮಾಡಿಸಿ. ನಾವು ಸ್ಟಾಂಪ್ ಪೇಪರ್ ಎರಡನೇ ಸಲ ಕೊಂಡಿದ್ದು ಇದಕ್ಕೇ.

ಹಂತ 8: ಬ್ಯಾಂಕ್ ಖಾತೆ, ಕೊನೆಯ ಲೆಕ್ಕ

ಉಳಿದ ಹಣ ಹಂಚಿ, ಆಡಿಟರ್ ಫೀಸು ಕೊಟ್ಟು, ಖಾತೆ ಸೊನ್ನೆಗೆ ತನ್ನಿ. ಶೇರುದಾರರಿಗೆ ಡಿವಿಡೆಂಡ್ ಕೊಟ್ಟರೆ ಅದು ಅವರ ಕೈಯಲ್ಲಿ ತೆರಿಗೆಗೆ ಸೇರುತ್ತದೆ. ಖಾತೆ ಮುಚ್ಚಿದ ಪತ್ರ ಬ್ಯಾಂಕಿನಿಂದ ಪಡೆಯಿರಿ. ಅರ್ಜಿಯ 10,000 ಶುಲ್ಕವನ್ನು ಆಗ ಡೈರೆಕ್ಟರೇ ಕೈಯಿಂದ ಕಟ್ಟಬೇಕಾಗುತ್ತದೆ. ಅದನ್ನು ಕಂಪನಿಯ ಸಾಲ ಎಂದು ಬರೆಯಬೇಡಿ, ಮತ್ತೆ ಲೆಕ್ಕದಲ್ಲಿ ಬಾಕಿ ಹುಟ್ಟುತ್ತದೆ.

ಎಸ್‌ಟಿಕೆ-8 ಎಂಬ ಕೊನೆಯ ಲೆಕ್ಕಪತ್ರ ಸಿಎ ದೃಢೀಕರಿಸಿರಬೇಕು. ಅದು ಅರ್ಜಿಯ ದಿನಕ್ಕಿಂತ 30 ದಿನದ ಹಿಂದಿನದ್ದಾಗಿರಬಾರದು. ನೋಟರಿ, ಅಪೊಸ್ಟಿಲ್ ಎಲ್ಲ ಕೈಗೆ ಬಂದ ಮೇಲಷ್ಟೇ ಇದನ್ನು ಮಾಡಿಸಿ. ಇಲ್ಲದಿದ್ದರೆ ಅದು ಹಳತಾಗುತ್ತದೆ, ಮತ್ತೆ ಮಾಡಿಸಬೇಕು.

ಅರ್ಜಿಗೆ ಮುಂಚಿನ ಮೂರು ತಿಂಗಳು ಕಂಪನಿ ಸುಮ್ಮನಿರಬೇಕು. ಸೆಕ್ಷನ್ 249 ಪ್ರಕಾರ ಆ ಅವಧಿಯಲ್ಲಿ ಹೆಸರು ಬದಲಿಸಿದ್ದರೆ, ಕಚೇರಿಯನ್ನು ಬೇರೆ ರಾಜ್ಯಕ್ಕೆ ಒಯ್ದಿದ್ದರೆ, ವ್ಯಾಪಾರದ ಭಾಗವಾಗಿದ್ದ ಆಸ್ತಿ ಅಥವಾ ಹಕ್ಕನ್ನು ಬೆಲೆಗೆ ಮಾರಿದ್ದರೆ ಅರ್ಜಿ ಹಾಕುವಂತಿಲ್ಲ. ಮರೆತ ಒಂದು ಕ್ಯಾಸೆಟ್ಟಿನ ಹಕ್ಕನ್ನು ಅರ್ಜಿಯ ಹಿಂದಿನ ವಾರ ಬರೆದುಕೊಡುವುದು ಬೇಡ.

ಹಂತ 9: ಎಸ್‌ಟಿಕೆ-2, ಅಂದರೆ ಸ್ಟ್ರೈಕ್ ಆಫ್ ಅರ್ಜಿ

ಡೈರೆಕ್ಟರ್ ಒಬ್ಬರ ಡಿಜಿಟಲ್ ಸಹಿ ಚಾಲ್ತಿಯಲ್ಲಿರಬೇಕು. ಡಿಐಎನ್ (ಡೈರೆಕ್ಟರ್ ಗುರುತಿನ ಸಂಖ್ಯೆ) ಕೆವೈಸಿ ಆಗಿರಬೇಕು. ಕಂಪನಿಯ ದಾಖಲೆಯಲ್ಲಿರುವ ಇಮೇಲ್ ಬದುಕಿರಬೇಕು, ಎಲ್ಲ ಪ್ರಶ್ನೆಗಳೂ ಅಲ್ಲಿಗೇ ಬರುತ್ತವೆ. ಫಾರಂಗೆ ಸಿಎ, ಸಿಎಸ್ ಅಥವಾ ಕಾಸ್ಟ್ ಅಕೌಂಟೆಂಟ್ ದೃಢೀಕರಣ ಬೇಕು.

ಮೊದಲು ಈ ಅರ್ಜಿ ನೋಡುತ್ತಿದ್ದದ್ದು ಬೆಂಗಳೂರಿನ ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ಆರ್‌ಒಸಿ, ಅಂದರೆ ಕಂಪನಿಗಳ ರಿಜಿಸ್ಟ್ರಾರ್ ಕಚೇರಿ. 2023ರ ಮೇ 1ರಿಂದ ಇಡೀ ದೇಶದ ಅರ್ಜಿಗಳು ಹರಿಯಾಣದ ಮನೇಸರ್‌ನ ಸಿ-ಪೇಸ್ ಕೇಂದ್ರಕ್ಕೆ ಹೋಗುತ್ತವೆ. ಮೊದಲು ಎರಡು ವರ್ಷ ಹಿಡಿಯುತ್ತಿದ್ದ ಕೆಲಸ ಆರು ತಿಂಗಳೊಳಗೆ ಆಗಬೇಕೆಂದು 2022ರ ಬಜೆಟ್‌ನಲ್ಲಿ ಹೇಳಿದ ಕೇಂದ್ರವೇ ಇದು. ನಮ್ಮ ಅರ್ಜಿ 2023ರ ಜೂನ್‌ನಲ್ಲಿ ಹೋಯಿತು.

ಅವರು ಕೊರತೆ ಹುಡುಕಿದರೆ ಸರಿಪಡಿಸಲು 15 ದಿನ ಕೊಡುತ್ತಾರೆ. ಅದೂ ಸಾಲದಿದ್ದರೆ ಇನ್ನೊಂದು 15 ದಿನ. ಅದೂ ಮೀರಿದರೆ ಅರ್ಜಿ ಅಮಾನ್ಯ. ಆ ತಿಂಗಳುಗಳಲ್ಲಿ ಇಮೇಲ್ ದಿನಾ ನೋಡಿ. ಸ್ಪ್ಯಾಮ್ ಪೆಟ್ಟಿಗೆಯನ್ನೂ ನೋಡಿ.

ಎಲ್ಲ ಸರಿ ಇದ್ದರೆ ಎಸ್‌ಟಿಕೆ-6 ಸಾರ್ವಜನಿಕ ನೋಟಿಸು ಬರುತ್ತದೆ. ಆಕ್ಷೇಪಣೆಗೆ 30 ದಿನ. ಇದೇ ಸಮಯದಲ್ಲಿ ತೆರಿಗೆ ಇಲಾಖೆಗಳಿಗೂ ತಿಳಿಸುತ್ತಾರೆ. ತೆರಿಗೆ ಬಾಕಿ ಇದ್ದರೆ ಇಲ್ಲಿ ತಡೆ ಬೀಳುತ್ತದೆ. ಯಾರೂ ಆಕ್ಷೇಪಿಸದಿದ್ದರೆ ಎಸ್‌ಟಿಕೆ-7 ಗೆಜೆಟ್‌ನಲ್ಲಿ ಬಂದು ಕಂಪನಿ ವಿಸರ್ಜನೆಯಾಗುತ್ತದೆ.

ಹಂತ 10: ಮುಗಿದ ಮೇಲೆ

ಹೆಸರು ಹೋದರೂ ಡೈರೆಕ್ಟರುಗಳ ಹೊಣೆ ಹೋಗುವುದಿಲ್ಲ, ಸೆಕ್ಷನ್ 248(7) ಅದನ್ನು ಉಳಿಸಿದೆ. ಶೇರುದಾರರಾಗಲಿ, ಸಾಲ ಕೊಟ್ಟವರಾಗಲಿ, ಕೆಲಸಗಾರರಾಗಲಿ ಗೆಜೆಟ್ ನೋಟಿಸಿನ ದಿನದಿಂದ 20 ವರ್ಷದೊಳಗೆ ನ್ಯಾಯಮಂಡಳಿಗೆ ಹೋಗಿ ಕಂಪನಿಯನ್ನು ಮತ್ತೆ ರಿಜಿಸ್ಟರ್‌ಗೆ ತರಿಸಬಹುದು. ಇದರಿಂದ ನಿಮಗೂ ಒಂದು ಅನುಕೂಲವಿದೆ. ಮರೆತ ಆಸ್ತಿಯೊಂದು ಸಿಕ್ಕರೆ ದಾರಿ ಪೂರ್ತಿ ಮುಚ್ಚಿರುವುದಿಲ್ಲ. ಆದರೆ ಖರ್ಚು, ಓಡಾಟ ಜಾಸ್ತಿ.

ಕಾಯ್ದೆ ಕಂಪನಿಗಳ ಲೆಕ್ಕದ ಪುಸ್ತಕಗಳನ್ನು 8 ವರ್ಷ ಇಡಲು ಹೇಳುತ್ತದೆ. ಅಷ್ಟು ಕಾಲ ಇಡಿ. ವರ್ಗಾವಣೆ ಪತ್ರಗಳನ್ನು ಮಾತ್ರ ಹಕ್ಕು ಮುಗಿಯುವವರೆಗೆ ಇಡಿ. ಮೂಲ ಪ್ರತಿ ಹೊಸ ಮಾಲೀಕರ ಬಳಿ, ಒಂದು ಪ್ರತಿ ನಿಮ್ಮ ಬಳಿ. ಮಾಸ್ಟರ್ ಟೇಪುಗಳನ್ನು ಹಕ್ಕಿನ ಜೊತೆಗೇ ಕೊಡಿ, ರಸೀದಿ ತೆಗೆದುಕೊಂಡು. ಟೇಪಿಗೆ ಬೂಸಲು ಹಿಡಿಯುವ ಮೊದಲು ಡಿಜಿಟಲ್ ಮಾಡಿಸಿದ್ದರೆ ಆ ಫೈಲುಗಳನ್ನೂ ಕೊಡಿ.

ಕೊನೆಯ ಆದಾಯ ತೆರಿಗೆ ರಿಟರ್ನ್ ಸಂಸ್ಕರಣೆಯಾದ ಮೇಲೆ ಪ್ಯಾನ್ ಕಾರ್ಡನ್ನು ತೆರಿಗೆ ಅಧಿಕಾರಿಗೆ ಅರ್ಜಿ ಕೊಟ್ಟು ಹಿಂದಿರುಗಿಸಿ, ಜೊತೆಗೆ ಗೆಜೆಟ್ ಪ್ರತಿ ಲಗತ್ತಿಸಿ. ನಮ್ಮ ಕಾಗದಗಳೆಲ್ಲ ಈಗ ಅತ್ತೆಯ ಮನೆಯ ಅಟ್ಟದ ಮೇಲಿನ ಒಂದು ಕಬ್ಬಿಣದ ಟ್ರಂಕಿನಲ್ಲಿವೆ. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಎರಡು ವರ್ಷಗಳನ್ನು ಬರೆದಿದ್ದೇನೆ. 2031, ಅಂದರೆ ಲೆಕ್ಕದ ಪುಸ್ತಕ ತೆಗೆಯಬಹುದಾದ ವರ್ಷ. 2048, ಅಂದರೆ ಆ ಹರಿಕಥೆಯ ಹಕ್ಕು ಮುಗಿಯುವ ವರ್ಷ.